ಎದುರಿನಿಂದ ಬಂದವನು

ಆಟಪಾಟಗಳ ವಿಷಯದಲ್ಲಿ ನಾನು ಎಂದೂ ದೊಡ್ಡ ಉತ್ಸಾಹಿಯಲ್ಲ. ಶಾಲೆಯಲ್ಲಿ ಡ್ರಿಲ್ ಮೇಷ್ಟರು ನನ್ನನ್ನು ಗೆರೆಯ ಹೊರಗೆ ನಿಲ್ಲಿಸಿ, ಆಡುವ ಹುಡುಗರ ಅಂಗಿಗಳನ್ನು ಕಾಯುವ ಕೆಲಸಕ್ಕೆ ಹಚ್ಚುತ್ತಿದ್ದರು. ಆ ಕೆಲಸವನ್ನು ನಿಷ್ಠೆಯಿಂದ ಮಾಡಿದೆನೆಂದು ಇಂದಿಗೂ ಹೇಳಿಕೊಳ್ಳಬಲ್ಲೆ. ಇಂಥವನು ಯೂರೋಪಿನ ಒಂದು ಹ್ಯಾಂಡ್‌ಬಾಲ್ ಪಂದ್ಯಾವಳಿಯ ಬಗ್ಗೆ, ಅದೂ ನಲವತ್ತು ವರ್ಷಗಳಿಗೂ ಹಿಂದಿನ ಒಂದು ಋತುವಿನ ಬಗ್ಗೆ ಬರೆಯಲು ಕುಳಿತಿರುವುದನ್ನು ಕಂಡು ನನ್ನ ಮನೆಯವರೇ ನಗುತ್ತಿದ್ದಾರೆ. ನಗಲಿ. ಆ ಋತುವಿನ ಒಂದು ನಿಮಿಷ ನನ್ನ ಬಾಳಿನೊಳಕ್ಕೆ ಬಂದು ಕುಳಿತುಬಿಟ್ಟಿದೆ. ಅದನ್ನು ಇಷ್ಟು ದಿನ ಯಾರಿಗೂ ಸರಿಯಾಗಿ ಹೇಳಿರಲಿಲ್ಲ.

೧೯೭೮ರ ಆಗಸ್ಟ್ ತಿಂಗಳಲ್ಲಿ, ಬಾಯ್ಲರುಗಳ ಕೆಲಸವನ್ನು ಕಲಿಯಲೆಂದು ನನ್ನನ್ನು ಪಶ್ಚಿಮ ಜರ್ಮನಿಯ ಗುಮ್ಮರ್ಸ್‌ಬಾಖ್ ಎಂಬ ಊರಿಗೆ ಕಳುಹಿಸಿದರು. ಕೊಲೋನ್ ನಗರದಿಂದ ಪೂರ್ವಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿ, ಗುಡ್ಡಗಳ ನಡುವೆ ಅಡಗಿಕೊಂಡಿರುವ ಊರು ಅದು. ಜನಸಂಖ್ಯೆ ಐವತ್ತು ಸಾವಿರದಷ್ಟು. ಮಳೆಯೋ ಮಳೆ. ನಮ್ಮ ತೀರ್ಥಹಳ್ಳಿಯ ಕಡೆಯವನಾದ ನನಗೆ ಮಳೆಯ ಭಯವಿಲ್ಲವಾದರೂ, ಮಳೆ ಬೀಳುವಾಗ ಹಂಡೆಯ ಬಿಸಿನೀರಾಗಲಿ ಹಲಸಿನ ಹಪ್ಪಳವಾಗಲಿ ಇಲ್ಲದ ಊರಿನಲ್ಲಿ ಅದು ಬೇರೆಯೇ ರೀತಿಯ ಮಳೆಯೆನಿಸುತ್ತಿತ್ತು. ಊರಿನ ನಡುವೆಯೇ ಷ್ಟೈನ್‌ಮ್ಯುಲರ್ ಎಂಬ ದೊಡ್ಡ ಬಾಯ್ಲರ್ ಕಾರ್ಖಾನೆ. ಬೆಳಗಿನ ಸೈರನ್ ಕೂಗಿದರೆ ಅರ್ಧ ಊರು ಏಳುತ್ತಿತ್ತು. ಮಿಕ್ಕ ಅರ್ಧ ಊರು ಏಳುತ್ತಿದ್ದುದು ಹ್ಯಾಂಡ್‌ಬಾಲಿಗಾಗಿ ಎಂದು ನನ್ನ ಮನೆಯೊಡತಿ ಹೇಳುತ್ತಿದ್ದಳು.

ಆಕೆ ಅರುವತ್ತು ದಾಟಿದ ವಿಧವೆ. ಮಾಳಿಗೆಯ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದಳು. ಮೊದಲ ದಿನವೇ, ಬಚ್ಚಲಿನ ನಿಯಮಗಳನ್ನು ಹೇಳುವುದಕ್ಕೂ ಮುಂಚೆ, ಈ ಊರಿನ ಕ್ಲಬ್ಬು ಯೂರೋಪಿನ ಚಾಂಪಿಯನ್ನರ ಕಪ್ಪನ್ನು ನಾಲ್ಕು ಸಲ ಗೆದ್ದಿದೆಯೆಂದು ನನಗೆ ತಿಳಿಸಿದಳು. ೧೯೬೭, ೧೯೭೦, ೧೯೭೧, ೧೯೭೪. ಮೊಮ್ಮಕ್ಕಳ ಹುಟ್ಟಿದ ವರ್ಷಗಳನ್ನು ಹೇಳುವ ಅಜ್ಜಿಯಂತೆ ಬೆರಳು ಮಡಿಸಿದಳು. ಮೊದಲನೆಯ ಸಲ ಡಾರ್ಟ್‌ಮುಂಡ್ ನಗರದ ವೆಸ್ಟ್‌ಫಾಲೆನ್ ಸಭಾಂಗಣದಲ್ಲಿ ಪ್ರಾಗ್ ನಗರದ ದುಕ್ಲಾ ತಂಡವನ್ನು ೧೭-೧೩ರಿಂದ ಸೋಲಿಸಿದ ರಾತ್ರಿ ಆಕೆ ಅಲ್ಲೇ ಇದ್ದಳಂತೆ. ಊರಿನ ಆಟದ ಮನೆ ಚಿಕ್ಕದಾದುದರಿಂದ ದೊಡ್ಡ ಪಂದ್ಯಗಳಿಗೆ ಊರಿಗೆ ಊರೇ ಬಸ್ಸು ಹಿಡಿದು ಡಾರ್ಟ್‌ಮುಂಡಿಗೆ ಹೋಗುತ್ತಿತ್ತು. ಜಾತ್ರೆಗೆ ಹೊರಟಂತೆ ಎಂದು ನಾನು ಅಂದುಕೊಂಡೆ. ಜರ್ಮನ್ ಭಾಷೆಯಲ್ಲಿ ಜಾತ್ರೆಗೆ ಏನೆನ್ನುತ್ತಾರೋ ಆಗ ಗೊತ್ತಿರಲಿಲ್ಲ.

ಈ ಆಟವನ್ನು ನೋಡದ ವಾಚಕರಿಗಾಗಿ ನಾಲ್ಕು ಮಾತು. ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಒಳಾಂಗಣ. ಒಂದೊಂದು ಕಡೆಗೆ ಏಳೇಳು ಮಂದಿ, ಅವರಲ್ಲಿ ಒಬ್ಬ ಗೋಲಿ. ಚೆಂಡನ್ನು ಕೈಯಿಂದಲೇ ಆಡಬೇಕು. ಹಿಡಿದುಕೊಂಡು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ, ಮೂರು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಗೋಲಿನ ಮುಂದೆ ಆರು ಮೀಟರಿನ ಒಂದು ಕಮಾನು ಗೆರೆ. ಅದರೊಳಗೆ ಗೋಲಿಯ ಹೊರತು ಯಾರೂ ಕಾಲಿಡಬಾರದು, ಆದರೆ ಗೆರೆಯ ಈಚೆಯಿಂದ ನೆಗೆದು ಗಾಳಿಯಲ್ಲಿ ತೇಲುತ್ತ ಚೆಂಡನ್ನು ಎಸೆಯಬಹುದು. ಮೂವತ್ತು ನಿಮಿಷಗಳ ಎರಡು ಭಾಗ. ಕಬಡ್ಡಿಯ ಮೈಕಟ್ಟು, ಬಾಸ್ಕೆಟ್‌ಬಾಲಿನ ಕೈಚಳಕ, ಫುಟ್‌ಬಾಲಿನ ಗೋಲು ಇವೆಲ್ಲವನ್ನೂ ಒಂದು ಸಣ್ಣ ಕೋಣೆಯಲ್ಲಿ ಕೂಡಿಹಾಕಿ ಬಾಗಿಲು ಮುಚ್ಚಿದರೆ ಏನಾಗುವುದೋ ಅದು ಹ್ಯಾಂಡ್‌ಬಾಲ್. ಮೈಗೆ ಮೈ ತಾಗದೆ ಒಂದು ನಿಮಿಷವೂ ಕಳೆಯುವುದಿಲ್ಲ. ಮೊದಲ ಪಂದ್ಯ ನೋಡಿದ ರಾತ್ರಿ ಪೆಟ್ಟು ತಿಂದವನು ನಾನೇ ಎಂಬಂತೆ ನನ್ನ ಭುಜಗಳು ನೋಯುತ್ತಿದ್ದುವು.

ಆ ಪಂದ್ಯದಲ್ಲಿಯೇ ನಾನು ಯೊವಾಖಿಮ್ ಡೆಕಾರ್ಮ್ ಎಂಬ ಆಟಗಾರನನ್ನು ಕಂಡದ್ದು. ಊರಿನವರು ಅವನನ್ನು ‘ಯೋ’ ಎಂದೇ ಕರೆಯುತ್ತಿದ್ದರು. ಆಗ ನಾನೂ ಹಾಗೆಯೇ ಏಕವಚನದಲ್ಲಿ ಕರೆಯುತ್ತಿದ್ದುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ೧೯೫೪ರ ಜನವರಿಯಲ್ಲಿ ಸಾರ್‌ಬ್ರ್ಯೂಕನ್ ನಗರದಲ್ಲಿ ಹುಟ್ಟಿದವನು, ೧೯೭೩ರಲ್ಲಿ ಗುಮ್ಮರ್ಸ್‌ಬಾಖ್‌ಗೆ ಬಂದವನು. ಆರಡಿ ಮೀರಿದ ಎತ್ತರ. ಅವನು ಓಡುವಾಗ ಅವಸರ ಕಾಣಿಸುತ್ತಿರಲಿಲ್ಲ. ಎಲ್ಲರೂ ಒಂದು ಕಡೆಗೆ ಜಗ್ಗುತ್ತಿದ್ದಾಗ ಅವನು ತಾಳವನ್ನು ಎಣಿಸುವವನಂತೆ ಅರೆಕ್ಷಣ ನಿಂತು, ಆಮೇಲೆ ನೆಗೆಯುತ್ತಿದ್ದ. ನೆಗೆದವನು ಅಲ್ಲೇ ಮೇಲೆ ಸ್ವಲ್ಪ ಹೊತ್ತು ಉಳಿಯುತ್ತಿದ್ದನೆಂದು ನಾನು ಆಣೆಯಿಟ್ಟು ಹೇಳಬಲ್ಲೆ, ಭೌತಶಾಸ್ತ್ರ ಏನೇ ಹೇಳಲಿ. ೧೯೭೮ರ ಫೆಬ್ರವರಿಯಲ್ಲಿ ಕೋಪನ್‌ಹೇಗನ್ನಿನಲ್ಲಿ ಪಶ್ಚಿಮ ಜರ್ಮನಿಯು ಸೋವಿಯತ್ ಒಕ್ಕೂಟವನ್ನು ೨೦-೧೯ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆಗಿತ್ತು. ಆ ತಂಡದಲ್ಲಿ ಡೆಕಾರ್ಮ್ ಇದ್ದ, ಅವನ ಗೆಳೆಯನೂ ಗುಮ್ಮರ್ಸ್‌ಬಾಖ್ ಊರಿನ ಮಗನೂ ಆದ ಹೈನರ್ ಬ್ರಾಂಡ್ಟ್ ಇದ್ದ. ದೇಶದ ಪರವಾಗಿ ಡೆಕಾರ್ಮ್ ಆಡಿದ ಪಂದ್ಯಗಳು ೧೦೪, ಹೊಡೆದ ಗೋಲುಗಳು ೩೮೧. ಆಗ ಜಗತ್ತಿನಲ್ಲಿ ಅವನಂಥ ಆಟಗಾರ ಇನ್ನೊಬ್ಬನಿಲ್ಲವೆಂದು ಊರಿನಲ್ಲಿ ಹೇಳುತ್ತಿದ್ದರು. ತಮ್ಮ ಊರಿನವನ ವಿಷಯದಲ್ಲಿ ಎಲ್ಲ ಊರಿನವರೂ ಹೇಳುವ ಮಾತು ಅದು. ಆದರೆ ಇಲ್ಲಿ ಹೊರಗಿನವರೂ ಅದನ್ನೇ ಹೇಳುತ್ತಿದ್ದರು.

ಆ ಋತುವಿನಲ್ಲಿ ಕ್ಲಬ್ಬು ಆಡುತ್ತಿದ್ದುದು ಕಪ್ ವಿಜೇತರ ಕಪ್ಪಿಗಾಗಿ. ಹೆಸರು ವಿಚಿತ್ರವಾಗಿದೆಯಾದರೂ ಅರ್ಥ ಸುಲಭ: ಒಂದೊಂದು ದೇಶದ ಕಪ್ ಪಂದ್ಯಾವಳಿಯನ್ನು ಗೆದ್ದವರೆಲ್ಲ ಸೇರಿ ಯೂರೋಪಿನ ಮಟ್ಟದಲ್ಲಿ ಆಡುವ ಕಪ್ಪು. ೧೯೭೫-೭೬ರಲ್ಲಿ ಅದು ಆರಂಭವಾದಾಗ ಮೊದಲ ಸಲ ಗೆದ್ದವರು ಸ್ಪೇನಿನ ಗ್ರನೊಲ್ಯೆರ್ಸ್ ಊರಿನವರು. ೧೯೭೮ರಲ್ಲಿ ಗೆದ್ದು ತಂದವರು ನಮ್ಮ ಗುಮ್ಮರ್ಸ್‌ಬಾಖ್‌ನವರು (ನೋಡಿ, ‘ನಮ್ಮ’ ಎನ್ನುತ್ತಿದ್ದೇನೆ). ಆದ್ದರಿಂದ ೧೯೭೮-೭೯ರ ಚಳಿಗಾಲದಲ್ಲಿ ಅವರು ಗೆದ್ದದ್ದನ್ನು ಉಳಿಸಿಕೊಳ್ಳಲು ಆಡುತ್ತಿದ್ದರು. ಸೋತವರು ಮನೆಗೆ ಹೋಗಬೇಕಾದ ಪಂದ್ಯಾವಳಿ. ಒಂದೊಂದು ಜೋಡಿಯೂ ಎರಡು ಸಲ ಆಡಬೇಕು, ಒಮ್ಮೆ ತನ್ನ ಊರಿನಲ್ಲಿ, ಇನ್ನೊಮ್ಮೆ ಎದುರಾಳಿಯ ಊರಿನಲ್ಲಿ. ಎರಡೂ ಪಂದ್ಯಗಳ ಗೋಲುಗಳನ್ನು ಕೂಡಿಸಿ ಹೆಚ್ಚು ಯಾರದೋ ಅವರು ಮುಂದಕ್ಕೆ. ಕೂಡಿದ ಮೊತ್ತವೂ ಸಮವಾದರೆ ಎದುರಾಳಿಯ ಊರಿನಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬುದು ಇಂಥ ಪಂದ್ಯಾವಳಿಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಮಾವನ ಮನೆಯಲ್ಲಿ ತೋರಿದ ಜಾಣತನಕ್ಕೆ ಹೆಚ್ಚು ಅಂಕ ಎಂದು ನಾನು ಇದನ್ನು ನೆನಪಿಟ್ಟುಕೊಂಡೆ.

ಇನ್ನೊಂದು ಸಂಗತಿ ಆಗ ನನಗೆ ಬಹಳ ಆಶ್ಚರ್ಯವೆನಿಸಿತ್ತು. ಯೂರೋಪಿನ ನಡುವೆ ಅಂದು ಮುಳ್ಳುತಂತಿ ಇದ್ದಿತು. ಅತ್ತಣವರು ಇತ್ತ ಬರುವಂತಿಲ್ಲ. ಆದರೆ ಈ ಕಪ್ಪಿನ ಚೀಟಿ ಎತ್ತಿದಾಗ ತಂತಿಗೆ ಬೆಲೆಯಿರಲಿಲ್ಲ. ಪ್ರಾಗ್, ಬುಖಾರೆಸ್ಟ್, ಮಾಸ್ಕೋ, ಮಾಗ್ಡೆಬುರ್ಗ್ ಮುಂತಾದ ಊರುಗಳ ಹೆಸರುಗಳನ್ನು ನನ್ನ ಮನೆಯೊಡತಿ ನೆರೆಹೊರೆಯ ಬೀದಿಗಳೆಂಬಂತೆ ಉಚ್ಚರಿಸುತ್ತಿದ್ದಳು. ಅವುಗಳಲ್ಲಿ ಒಂದನ್ನೂ ಆಕೆ ನೋಡಿರಲಿಲ್ಲ. ೧೯೬೭ರ ಕಪ್ಪು ಗೆದ್ದ ತಂಡದ ಹಾನ್ಸಿ ಷ್ಮಿಟ್ ಎಂಬ ಮಹಾ ಆಟಗಾರನೇ ರುಮೇನಿಯಾದಿಂದ ೧೯೬೩ರಲ್ಲಿ ತಪ್ಪಿಸಿಕೊಂಡು ಬಂದವನು. ಹಾಗೆ ಬಂದವರೂ ಬರಲಾಗದವರೂ ಒಂದೇ ಅಂಗಳದಲ್ಲಿ ಅರುವತ್ತು ನಿಮಿಷ ಭುಜಕ್ಕೆ ಭುಜ ಒರೆಸಿ, ಕೈ ಕುಲುಕಿ, ಮತ್ತೆ ತಂತಿಯ ಆಚೆಗೂ ಈಚೆಗೂ ಹೋಗುತ್ತಿದ್ದರು.

ಸೆಮಿಫೈನಲಿಗೆ ಹಂಗೇರಿ ದೇಶದ ತತಾಬಾನ್ಯಾ ಎಂಬ ಊರಿನ ತಂಡ ಎದುರಾಯಿತು. ಬುಡಾಪೆಸ್ಟಿನಿಂದ ಪಶ್ಚಿಮಕ್ಕೆ ಕಲ್ಲಿದ್ದಲಿನ ಗಣಿಗಳಿಂದ ಬೆಳೆದ ಊರು ಅದು. ಕ್ಲಬ್ಬಿನ ಹೆಸರಿನಲ್ಲಿಯೇ ಗಣಿಗಾರನೆಂಬ ಮಾತಿದೆ. ಊರಿನ ಮೇಲಣ ಬೆಟ್ಟದಲ್ಲಿ ರೆಕ್ಕೆ ಹರಡಿದ ಒಂದು ಭಾರಿ ಕಂಚಿನ ಹಕ್ಕಿ ನಿಂತಿದೆ, ಹಂಗೇರಿಯವರ ಪುರಾಣದ ತುರುಲ್ ಪಕ್ಷಿ. ನಮ್ಮ ಗರುಡನ ಹಾಗೆಂದಿಟ್ಟುಕೊಳ್ಳಿ. ಬಾಯ್ಲರಿನ ಊರಿನವರು ಕಲ್ಲಿದ್ದಲಿನ ಊರಿಗೆ ಆಡಲು ಹೋಗುತ್ತಾರೆಂದು ಕಾರ್ಖಾನೆಯಲ್ಲಿ ತಮಾಷೆ ಮಾಡಿದರು. ಎರಡನೆಯ ಪಂದ್ಯ ೧೯೭೯ರ ಮಾರ್ಚ್ ೩೦ರಂದು ಅಲ್ಲಿ. ಶುಕ್ರವಾರ.

ಆ ರಾತ್ರಿ ನಾನು ಬೇಗ ಮಲಗಿದ್ದೆ. ಬೆಳಿಗ್ಗೆ ಕೆಳಗಿಳಿದು ಬಂದಾಗ ಮೇಜಿನ ಮೇಲೆ ರೊಟ್ಟಿ ಇರಲಿಲ್ಲ, ಕಾಫಿಯ ವಾಸನೆ ಇರಲಿಲ್ಲ. ಮನೆಯೊಡತಿ ರೇಡಿಯೋದ ಮುಂದೆ ಕುಳಿತಿದ್ದಳು, ರೇಡಿಯೋ ಹಾಕಿರಲಿಲ್ಲ. “ಸೋತರೇ?” ಎಂದು ಕೇಳಿದೆ. ನನಗೆ ತಿಳಿದಿದ್ದ ಜರ್ಮನ್ ಅಷ್ಟೇ. ಆಕೆ ತಲೆಯಾಡಿಸಿ, “ಯೋ ಏಳಲಿಲ್ಲ” ಎಂದಳು.

ನಡೆದದ್ದು ಇಷ್ಟು. ಪಂದ್ಯದ ಇಪ್ಪತ್ತಮೂರನೆಯ ನಿಮಿಷ. ಡೆಕಾರ್ಮ್ ಚೆಂಡಿನೊಡನೆ ಮುನ್ನುಗ್ಗುತ್ತಿದ್ದ. ಎದುರಿನಿಂದ ಹಂಗೇರಿಯ ಲಾಯೋಷ್ ಪಾನೋವಿಚ್ ಬಂದ. ತಲೆಗೆ ತಲೆ ತಾಗಿತು. ಅಂಥ ಪೆಟ್ಟು ಆ ಆಟದಲ್ಲಿ ಹೊಸದಲ್ಲ. ಆದರೆ ಆ ಪೆಟ್ಟಿಗೇ ಪ್ರಜ್ಞೆ ತಪ್ಪಿದ ಡೆಕಾರ್ಮ್ ಕೈಯೂರಲೂ ಆಗದೆ, ಕಡಿದ ಮರದಂತೆ ಬಿದ್ದ. ತಲೆ ನೆಲಕ್ಕೆ ಬಡಿಯಿತು. ಆ ಸಭಾಂಗಣದ ನೆಲ ಕಾಂಕ್ರೀಟು. ಅದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಸು ಮಾತ್ರ. ನಾನು ಕಾರ್ಖಾನೆಯವನು, ಕಾಂಕ್ರೀಟು ಏನನ್ನೂ ಹಿಂದಕ್ಕೆ ಕೊಡುವುದಿಲ್ಲವೆಂಬುದು ನನಗೆ ಗೊತ್ತು. ಮರದ ನೆಲ ಬಿದ್ದವನ ಜೊತೆಗೆ ಒಂದಿಷ್ಟು ಬಾಗುತ್ತದೆ, ಪೆಟ್ಟಿನಲ್ಲಿ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಕಾಂಕ್ರೀಟು ಎಲ್ಲವನ್ನೂ ಬಿದ್ದವನಿಗೇ ಬಿಟ್ಟುಬಿಡುತ್ತದೆ. ತಲೆಬುರುಡೆಯ ತಳ ಎರಡು ಕಡೆ ಬಿರಿದಿತ್ತು, ಮಿದುಳಿನ ಪೊರೆ ಹರಿದಿತ್ತು, ಮಿದುಳು ಜಜ್ಜಿಹೋಗಿತ್ತು. ಅವನಿಗೆ ಇಪ್ಪತ್ತೈದು ವರ್ಷ.

ಮುಂದೆ ಅವನನ್ನು ಜರ್ಮನಿಗೆ ಕರೆತಂದರು. ಪ್ರಜ್ಞೆ ಬರಲಿಲ್ಲ. ಏಪ್ರಿಲ್ ಹೋಯಿತು, ಮೇ ಹೋಯಿತು. ಗುಡ್ಡಗಳಲ್ಲಿ ಹಸಿರು ಬಂದಿತು. ಆ ಋತುವಿನ ಕಪ್ಪು ಕೊನೆಗೆ ಗುಮ್ಮರ್ಸ್‌ಬಾಖ್‌ಗೇ ಬಂದಿತು, ಅದನ್ನೂ ಹೇಳಬೇಕು. ದಾಖಲೆಯ ಪಟ್ಟಿಯಲ್ಲಿ ೧೯೭೯ ಎಂಬ ಸಾಲಿನ ಮುಂದೆ ಆ ಊರಿನ ಹೆಸರೇ ಇದೆ. ಕಪ್ಪು ಬಂದ ಸುದ್ದಿ ತಿಳಿದ ದಿನ ಕಾರ್ಖಾನೆಯಲ್ಲಿ ನಾನು ಕೈ ತಟ್ಟಿದೆ. ನನ್ನ ಪಕ್ಕದ ಬೆಂಚಿನ ಮುದುಕ ಬೆಸುಗೆಗಾರ ನನ್ನ ಕಡೆ ನೋಡಿ, ಏನೂ ಹೇಳದೆ, ಮುಖದ ಮೇಲೆ ತನ್ನ ಕಪ್ಪು ಗಾಜಿನ ಮುಖವಾಡವನ್ನು ಇಳಿಸಿಕೊಂಡ. ಕೈ ತಟ್ಟಿದ್ದು ತಪ್ಪೋ ಸರಿಯೋ ಇಂದಿಗೂ ಹೇಳಲಾರೆ. ಆಡಿದವರು ಆಡಿ ಗೆದ್ದಿದ್ದರು.

ಮನೆಯೊಡತಿ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಸಣ್ಣ ಗೆರೆ ಎಳೆಯುತ್ತಿದ್ದಳು. ಗೆರೆಗಳು ನೂರು ದಾಟಿದುವು. ೧೩೧ ದಿನಗಳ ನಂತರ ಅವನಿಗೆ ಪ್ರಜ್ಞೆ ಬಂದಿತು. ಆಗಸ್ಟ್ ತಿಂಗಳು; ನಾನು ಆ ಊರಿಗೆ ಬಂದು ಒಂದು ವರ್ಷವಾಗಿತ್ತು. ಊರೆಲ್ಲ ನಿಟ್ಟುಸಿರು ಬಿಟ್ಟಿತು. ಎಚ್ಚರವಾದರೆ ಇನ್ನೇನು, ಎದ್ದು ಬರುತ್ತಾನೆ ಎಂದು ನಮ್ಮಂಥವರ ಎಣಿಕೆ. ಎಚ್ಚರವಾಗುವುದು ಕೊನೆಯಲ್ಲ, ಮೊದಲು ಎಂಬುದು ನಮಗಾರಿಗೂ ತಿಳಿದಿರಲಿಲ್ಲ. ನುಂಗುವುದನ್ನು, ಕುಳಿತುಕೊಳ್ಳುವುದನ್ನು, ಮಾತನಾಡುವುದನ್ನು, ಎಲ್ಲವನ್ನೂ ಅವನು ಮೊದಲಿನಿಂದ ಕಲಿಯಬೇಕಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ನಾನು ಭಾರತಕ್ಕೆ ಮರಳಿದೆ.

ಅಷ್ಟು ತಿಂಗಳುಗಳಲ್ಲಿ, ಅಷ್ಟು ಮಾತುಕತೆಗಳಲ್ಲಿ, ಪಾನೋವಿಚ್ ಎಂಬ ಹೆಸರನ್ನು ನಾನು ಒಂದೆರಡು ಸಲಕ್ಕಿಂತ ಹೆಚ್ಚು ಕೇಳಲಿಲ್ಲ. ಅವನು ಬೇಕೆಂದು ಮಾಡಿದ್ದಲ್ಲ. ಹಾಗೆಂದು ಯಾರೂ ಹೇಳಲೂ ಇಲ್ಲ. ಕತೆಯಲ್ಲಿ ಅವನಿಗೆ ಇದ್ದ ಜಾಗ ಇಷ್ಟೇ: ಎದುರಿನಿಂದ ಬಂದ. ಆಮೇಲೆ ಅವನು ಏನಾದ, ಅಂದು ರಾತ್ರಿ ಮನೆಗೆ ಹೇಗೆ ಹೋದ, ತನ್ನ ಹಣೆಯ ನೋವನ್ನು ಯಾರಿಗೆ ಹೇಳಿಕೊಂಡ, ಇದನ್ನು ನಾನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಹೊಳೆದದ್ದು ಏಳು ವರ್ಷಗಳ ಮೇಲೆ. ೧೯೮೬ರ ದೀಪಾವಳಿಯ ಹಿಂದಿನ ರಾತ್ರಿ. ಆಗ ನಾವು ಬೆಂಗಳೂರಿನಲ್ಲಿದ್ದೆವು. ಅಮ್ಮ, ನಾನು, ನನ್ನ ಹೆಂಡತಿ, ನನ್ನ ತಮ್ಮ. ತಮ್ಮ ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ನಾಲ್ಕು ತಿಂಗಳಾಗಿತ್ತು. ಪಟಾಕಿ ತರಲು ಸ್ಕೂಟರಿನಲ್ಲಿ ಇಬ್ಬರೂ ಹೋದೆವು. ಓಡಿಸುತ್ತಿದ್ದವನು ನಾನು. ಬರುವಾಗ ಒಂದು ಬಸ್ಸನ್ನು ದಾಟಿಕೊಂಡು ಮುಂದೆ ಹೋಗುವ ಅವಸರ ನನಗೆ. ಯಾಕೆ ಅವಸರವೆಂದು ಈಗ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆಯಿತು. ಪಕ್ಕಕ್ಕೆ ತಿರುಗಿಸಿದೆ. ಅಲ್ಲಿ ಮನೆ ಕಟ್ಟಲು ಸುರಿದಿದ್ದ ಮರಳು. ಸ್ಕೂಟರ್ ಜಾರಿತು. ನನ್ನ ಮೊಣಕೈ ತರಚಿತು. ತಮ್ಮನ ತಲೆ ಚರಂಡಿಯ ಅಂಚಿನ ಕಲ್ಲಿಗೆ ಬಡಿಯಿತು. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇರಲಿಲ್ಲ. ಪಟಾಕಿಯ ಪೊಟ್ಟಣ ಮಾತ್ರ ಅವನ ಕೈಯಲ್ಲಿ ಹಾಗೆಯೇ ಇತ್ತು.

ಹತ್ತೊಂಬತ್ತು ದಿನ ಅವನು ಕಣ್ಣು ತೆರೆಯಲಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ ಕುಳಿತು ನಾನು ದಿನಗಳನ್ನು ಎಣಿಸುತ್ತಿದ್ದೆ. ಐದನೆಯ ದಿನವೋ ಆರನೆಯ ದಿನವೋ, ಗುಮ್ಮರ್ಸ್‌ಬಾಖ್‌ನ ಆ ಅಡಿಗೆಮನೆಯ ಕ್ಯಾಲೆಂಡರು ನೆನಪಾಯಿತು, ನೂರಮೂವತ್ತೊಂದು ಗೆರೆಗಳು. ಅದರ ಬೆನ್ನಿಗೇ, ಎಂದೂ ನೆನಪಾಗದಿದ್ದ ಹೆಸರು ನೆನಪಾಯಿತು. ಪಾನೋವಿಚ್. ಬಂದುಹೋಗುವ ನೆಂಟರು ತಮ್ಮನ ಬಗ್ಗೆ ಕೇಳಿ, ಕಣ್ಣೊರಸಿಕೊಂಡು, ಆಮೇಲೆ ನನ್ನ ಮೊಣಕೈಯ ಪಟ್ಟಿಯ ಕಡೆಗೆ ನೋಡಿ ಮಾತು ನಿಲ್ಲಿಸುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಾಗಿತ್ತು, ಲಾರಿಯ ದೀಪವೆಂದು, ಮರಳೆಂದು. ಅಮ್ಮ ಒಂದು ಮಾತನ್ನೂ ಆಡಲಿಲ್ಲ. ರಾತ್ರಿ ನನಗೂ ಊಟ ತಂದುಕೊಡುತ್ತಿದ್ದಳು, ಮೊಸರನ್ನಕ್ಕೆ ಉಪ್ಪಿನಕಾಯಿ ಮರೆಯದೆ. ಆ ಉಪ್ಪಿನಕಾಯಿಯನ್ನು ನುಂಗಲು ನಾನು ಪಟ್ಟ ಪಾಡು ನನಗೇ ಗೊತ್ತು.

ತಮ್ಮ ಎಚ್ಚರವಾದ. ಆದರೆ ಬಲಗೈ ಏಳುತ್ತಿರಲಿಲ್ಲ, ಮಾತು ಬಾಯಿಯ ತನಕ ಬಂದು ಅಲ್ಲಿಯೇ ಹೊರಳುತ್ತಿತ್ತು. ‘ನೀರು’ ಎನ್ನಲು ಬೆಳಗಿನಿಂದ ಮಧ್ಯಾಹ್ನ. ಮನೆಗೆ ಕರೆತಂದ ಮೇಲೆ ಮೊದಲ ಎರಡು ತಿಂಗಳು ನಾನು ಅವನ ಬಳಿ ಕುಳಿತುಕೊಂಡೆ. ಆಮೇಲೆ, ಸತ್ಯ ಹೇಳುತ್ತೇನೆ, ಕುಳಿತುಕೊಳ್ಳುವುದನ್ನು ಕಡಮೆ ಮಾಡಿದೆ. ಕಾರ್ಖಾನೆಯಲ್ಲಿ ಕೆಲಸ ಹೆಚ್ಚೆಂದು ಹೇಳಿದೆ. ಹೆಚ್ಚು ಮಾಡಿಕೊಂಡವನು ನಾನೇ. ಅವನು ಒಂದು ಮಾತಿಗಾಗಿ ಒದ್ದಾಡುವಾಗ ಅವನ ಕಣ್ಣು ನನ್ನ ಮುಖದ ಮೇಲಿರುತ್ತಿತ್ತು. ಅದನ್ನು ತಡೆಯುವ ಶಕ್ತಿ ನನಗಿರಲಿಲ್ಲ.

ಅಷ್ಟರಲ್ಲಿ ಜರ್ಮನಿಯಿಂದ ಕ್ರಿಸ್‌ಮಸ್ ಕಾಗದ ಬಂದಿತು. ಮನೆಯೊಡತಿ ವರ್ಷಕ್ಕೊಂದು ಬರೆಯುತ್ತಿದ್ದಳು. ನನ್ನ ಮನೆಯ ವಿಷಯ ಆಕೆಗೆ ಗೊತ್ತಿರಲಿಲ್ಲ. ಊರಿನ ಸುದ್ದಿಗಳ ನಡುವೆ ಯೋ ಕುರಿತು ಒಂದು ಪುಟ ಬರೆದಿದ್ದಳು. ಅವನು ಸಾರ್‌ಬ್ರ್ಯೂಕನ್‌ನಲ್ಲಿ ತಾಯಿಯ ಬಳಿ ಇದ್ದಾನೆ. ಬಾಲ್ಯದಲ್ಲಿ ಅವನಿಗೆ ಆಟ ಕಲಿಸಿದ್ದ ವೆರ್ನರ್ ಹ್ಯೂರ್ಟರ್ ಎಂಬ ಮೇಷ್ಟರು ಅವನನ್ನು ಮತ್ತೆ ತಮ್ಮ ಕೈಗೆ ತೆಗೆದುಕೊಂಡಿದ್ದಾರೆ. ಮೊದಲು ಎಸೆಯುವುದನ್ನು ಕಲಿಸಿದವರು ಈಗ ನಿಲ್ಲುವುದನ್ನು ಕಲಿಸುತ್ತಿದ್ದಾರೆ. ದಿನವೂ, ವರ್ಷಗಟ್ಟಲೆ. ಕಪ್ಪಿಲ್ಲ, ಚೀಟಿ ಎತ್ತುವುದಿಲ್ಲ, ಮುಂದಿನ ಸುತ್ತಿಲ್ಲ. ನಿನ್ನೆ ಬಾರದಿದ್ದ ಒಂದು ಚಲನೆ ಇಂದು ಬಂದರೆ ಅದೇ ಗೋಲು.

ಆ ಕಾಗದವನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಎಲ್ಲ ಕೇಳಿ, “ಆ ಮೇಷ್ಟರ ವಿದ್ಯೆ ನನಗೆ ಬಾರದು. ನನಗೆ ಬರುವುದು ಕವಡೆ” ಎಂದಳು. ಮರುದಿನ ಒಳಗಿನಿಂದ ಚೌಕಾಬಾರದ ಮಣೆ ಬಂದಿತು. ತಮ್ಮನ ಬಲಗೈಯ ಬೆರಳುಗಳ ನಡುವೆ ಕವಡೆಗಳನ್ನು ಅಮ್ಮನೇ ಇಟ್ಟು, ತಾನೇ ಬಿಡಿಸಿ, ಬಿದ್ದ ಗರವನ್ನು ಅವನಿಂದ ಹೇಳಿಸುತ್ತಿದ್ದಳು. ಹೇಳುವ ತನಕ ಕಾಯಿ ನಡೆಸುತ್ತಿರಲಿಲ್ಲ. ಒಂದು ಆಟಕ್ಕೆ ಮೂರು ದಿನ ಹಿಡಿದದ್ದೂ ಉಂಟು. ಮೂರನೆಯವನಾಗಿ ಆಡಲು ಆಳು ಬೇಕಾಗಿತ್ತು. ನನ್ನನ್ನು ಕರೆದಳು. “ಅವನ ಎದುರಿಗೆ ಕೂತುಕೋ” ಎಂದಳು. ಎದುರಿಗೆಂಬ ಮಾತನ್ನು ಬೇಕೆಂದು ಆಡಿದಳೋ, ಮಣೆಯಲ್ಲಿ ಖಾಲಿಯಿದ್ದ ಬದಿ ಅದೇ ಎಂಬುದಕ್ಕೆ ಆಡಿದಳೋ ತಿಳಿಯದು. ಕುಳಿತೆ. ನನ್ನ ಕಾಯನ್ನು ಮೊದಲ ಸಲ ಕಡಿದಾಗ ಅವನ ಬಾಯಿಂದ ಬಂದ ಶಬ್ದ ಮಾತಾಗಿರಲಿಲ್ಲ, ನಗುವಾಗಿತ್ತು. ಒಂದೂವರೆ ವರ್ಷದ ಮೇಲೆ ಅವನು ಬ್ಯಾಂಕಿಗೆ ಮರಳಿದ. ಹಣ ಎಣಿಸುವ ಕಡೆಗಲ್ಲ, ಕಾಗದ ಜೋಡಿಸುವ ಕಡೆಗೆ. ಸಹಿ ಎಡಗೈಯದಾಯಿತು. ಈಗ ನಿವೃತ್ತನಾಗಿ ಮೈಸೂರಿನಲ್ಲಿದ್ದಾನೆ. ಮಾತು ನಿಧಾನ, ಆದರೆ ಚುಚ್ಚುವುದರಲ್ಲಿ ಏನೂ ಕಡಮೆಯಿಲ್ಲ.

೨೦೧೯ರಲ್ಲಿ ಮಗಳನ್ನು ನೋಡಲು ಜರ್ಮನಿಗೆ ಹೋದಾಗ, ಒಂದು ದಿನ ಕೊಲೋನಿನಿಂದ ರೈಲು ಹಿಡಿದು ಗುಮ್ಮರ್ಸ್‌ಬಾಖ್‌ಗೆ ಹೋದೆ. ಮಳೆ ಅದೇ. ಮನೆಯೊಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದುವು. ರೈಲಿನಿಂದ ಇಳಿದು, ಕಾಲುಗಳು ತಾವಾಗಿಯೇ ಕಾರ್ಖಾನೆಯ ಕಡೆಗೆ ತಿರುಗಿದುವು. ಕಾರ್ಖಾನೆ ಇರಲಿಲ್ಲ. ನಾನು ಬೆಸುಗೆಯನ್ನು ಪರೀಕ್ಷಿಸಲು ಕಲಿತ, ಸೈರನ್ ಕೂಗುತ್ತಿದ್ದ ಆ ನೆಲದಲ್ಲಿ ಅಂಗಡಿಗಳು, ಕಾಲೇಜು, ಮತ್ತು ೨೦೧೩ರಲ್ಲಿ ತೆರೆದ ಒಂದು ಹ್ಯಾಂಡ್‌ಬಾಲ್ ಸಭಾಂಗಣ. ಅದರ ಮುಂದ್ಗಡೆಯ ಚೌಕಕ್ಕೆ ಹೈನರ್ ಬ್ರಾಂಡ್ಟನ ಹೆಸರು. ಆಟಗಾರನಾಗಿ ೧೯೭೮ರಲ್ಲಿಯೂ ತರಬೇತುದಾರನಾಗಿ ೨೦೦೭ರಲ್ಲಿಯೂ ದೇಶಕ್ಕೆ ವಿಶ್ವಕಪ್ಪನ್ನು ತಂದವನು ಅವನು. ಕಪ್ ವಿಜೇತರ ಕಪ್ಪು ಮಾತ್ರ ಈಗಿಲ್ಲ. ಪುರುಷರ ಆ ಪಂದ್ಯಾವಳಿಯನ್ನು ೨೦೧೨ರಲ್ಲಿ ನಿಲ್ಲಿಸಿ ಇನ್ನೊಂದರೊಡನೆ ಸೇರಿಸಿಬಿಟ್ಟರು. ಡೆಕಾರ್ಮ್ ಬಹುಕಾಲ ಸಾರ್‌ಬ್ರ್ಯೂಕನ್‌ನಲ್ಲಿದ್ದು, ಹಿಂದಿನ ವರ್ಷ, ೨೦೧೮ರಲ್ಲಿ, ಹಳೆಯ ಗೆಳೆಯರಿರುವ ಗುಮ್ಮರ್ಸ್‌ಬಾಖ್‌ಗೇ ಮರಳಿದ್ದನೆಂದು ಮಗಳು ಪತ್ರಿಕೆ ನೋಡಿ ಹೇಳಿದ್ದಳು. ಅವನಿದ್ದ ಊರಿನಲ್ಲೇ ನಾನು ನಿಂತಿದ್ದೆ. ಹೋಗಿ ನೋಡುವಷ್ಟು ಬಳಕೆ ನನಗಿರಲಿಲ್ಲ. ಒಂದು ಚಳಿಗಾಲ ಕೈ ತಟ್ಟಿದವರಲ್ಲಿ ಒಬ್ಬ, ಅಷ್ಟೇ.

ಸಭಾಂಗಣದ ಬಾಗಿಲು ತೆರೆದಿತ್ತು. ಕೆಲಸದವನೊಬ್ಬ ನನ್ನ ಬಿಳಿಗೂದಲನ್ನು ನೋಡಿಯೋ ಏನೋ ಒಳಗೆ ಬಿಟ್ಟ. ಅಂಗಳದ ಅಂಚಿಗೆ ಹೋಗಿ, ಬಗ್ಗಿ, ಗೆಣ್ಣಿನಿಂದ ನೆಲವನ್ನು ಎರಡು ಸಲ ತಟ್ಟಿದೆ. ನಾಲ್ಕು ದಶಕ ಬಾಯ್ಲರುಗಳನ್ನು ತಟ್ಟಿ ಕೇಳಿದ ಕಿವಿ ನನ್ನದು. ಒಳಗೆ ಟೊಳ್ಳಿದ್ದ, ಬಾಗಬಲ್ಲ ಸದ್ದು. ಕೆಲಸದವನು ವಿಚಿತ್ರವಾಗಿ ನೋಡಿದ. ನಾನು ವಂದನೆ ಹೇಳಿ ಹೊರಬಂದೆ.

ಹೊರಗೆ ಮಳೆಯಲ್ಲಿ ನಿಂತು ತಮ್ಮನಿಗೆ ಫೋನ್ ಮಾಡಿದೆ. ಮೂವತ್ತಮೂರು ವರ್ಷಗಳಲ್ಲಿ ಆ ರಾತ್ರಿಯ ಮಾತನ್ನು ನಾವಿಬ್ಬರೂ ಒಮ್ಮೆಯೂ ಎತ್ತಿರಲಿಲ್ಲ. ಅಂದೂ ಎತ್ತಲಿಲ್ಲ. ಡೆಕಾರ್ಮನ ಕತೆಯನ್ನು ಹೇಳಿದೆ. ತತಾಬಾನ್ಯಾ, ಇಪ್ಪತ್ತಮೂರನೆಯ ನಿಮಿಷ, ಕಾಂಕ್ರೀಟು, ಎಲ್ಲವನ್ನೂ. ಪಾನೋವಿಚನ ಹೆಸರನ್ನೂ ಹೇಳಿದೆ. ಅದನ್ನು ಎರಡು ಸಲ ಹೇಳಿದೆನೆಂದು ಆಮೇಲೆ ಗಮನಕ್ಕೆ ಬಂದಿತು. ಅತ್ತ ಕಡೆ ಬಹಳ ಹೊತ್ತು ಸದ್ದಿಲ್ಲ. ಅವನ ಮೌನಕ್ಕೆ ನಾನು ಹೊಂದಿಕೊಂಡಿದ್ದೇನೆ. ಮಾತು ಸಿದ್ಧವಾಗುವ ತನಕ ಕಾಯುತ್ತೇನೆ.

“ಕಪ್ಪು ಯಾರಿಗೆ ಬಂತು?” ಎಂದು ಕೇಳಿದ.

“ಗುಮ್ಮರ್ಸ್‌ಬಾಖ್‌ಗೇ.”

“ಸರಿ” ಎಂದ. ಮತ್ತೆ ಸ್ವಲ್ಪ ಹೊತ್ತು. ಆಮೇಲೆ ಒಂದೊಂದೇ ಮಾತನ್ನು ಆರಿಸಿ ಇಡುವವನಂತೆ, “ಆ ಸ್ಕೂಟರನ್ನು... ನೀನು ಮಾರಬಾರದಿತ್ತು ಅಣ್ಣ. ಒಳ್ಳೆಯ ಗಾಡಿ ಅದು” ಎಂದ.